ನನ್ನ ಹೆಸರನ್ನು ಅವಳು ಹೇಳಿದ ದಿನ

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಅದು ಶುರುವಾಯಿತು. ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಗಿರಣಿಯ ಭೋಂಗಾ ಎಂಬ ಸೈರನ್ ಕಾರಣ. ನಾಗಪುರದ ಮಹಾಲ್ ಪೇಟೆಯ ಹಳೆಯ ವಾಡೆಯೊಂದರಲ್ಲಿ ನಮಗೆ ಎರಡು ಕೋಣೆಗಳಿದ್ದವು. ಬಟ್ಟೆ ಗಿರಣಿಯ ಭೋಂಗಾ ಏಳಕ್ಕೆ ಕೂಗಿದರೆ ಓಣಿಗೆ ಓಣಿಯೇ ಎದ್ದು ಕೂರುತ್ತಿತ್ತು. ಅಂದು ಅದು ಕೂಗುವಾಗ ನಾನು ಚಹಾದ ಬಟ್ಟಲನ್ನು ತುಟಿಗೆ ಇಟ್ಟಿದ್ದೆ. ಚಹಾ ಒಳಗೆ ಹೋಗಲಿಲ್ಲ. ಹಲ್ಲುಗಳು ಒಂದರ ಮೇಲೊಂದು ಬಿಗಿಯಾಗಿ ಕೂತಿದ್ದವು. ತೆರೆಯಬೇಕೆಂದು ನಾನು ಎಷ್ಟು ಪ್ರಯತ್ನಪಟ್ಟರೂ ತೆರೆಯಲಿಲ್ಲ. ಚಹಾ ಗದ್ದದಿಂದ ಇಳಿದು ಅಂಗಿಯನ್ನು ತೋಯಿಸಿತು.

"ಸಣ್ಣ ಹುಡುಗರಂಗ ಚೆಲ್ಲಿಕೊಂಡ್ರಲ್ರಿ," ಎಂದು ನನ್ನ ಹೆಂಡತಿ ಗಿರಿಜಾ ನಕ್ಕಳು. ನಾನೂ ನಗುತ್ತಿದ್ದೇನೆ ಎಂದುಕೊಂಡಳು. ಆಗಲೇ ನನ್ನ ತುಟಿಗಳ ಎರಡೂ ಕೊನೆಗಳು ತಾವಾಗಿಯೇ ಕಿವಿಯ ಕಡೆಗೆ ಎಳೆದುಕೊಂಡಿದ್ದವು.

ಅದಕ್ಕೆ ಹಿಂದಿನ ವಾರ ನಾನು ಸಂತ್ರದ, ಎಂದರೆ ಕಿತ್ತಳೆಯ, ಪೆಟ್ಟಿಗೆಯೊಂದಕ್ಕೆ ಮೊಳೆ ಹೊಡೆದಿದ್ದೆ. ನಾಗಪುರದ ಕನ್ನಡಿಗರಲ್ಲಿ ಯಾರು ರಜೆಯ ಮೇಲೆ ಊರಿಗೆ ಹೊರಟರೂ ಉಳಿದವರೆಲ್ಲ ಅವರ ಕೈಯಲ್ಲಿ ತಮ್ಮ ತಮ್ಮ ಮನೆಗೆ ಸಂತ್ರ ಕಳಿಸುತ್ತಾರೆ. ಹೊರುವವರು ಬೈಯುತ್ತಾರೆ, ಆದರೂ ಹೊರುತ್ತಾರೆ. ನಾನು ರೈಲ್ವೆಯ ನಕ್ಷೆ ಕಚೇರಿಯಲ್ಲಿ ನೌಕರ. ಜೊತೆಯವನೊಬ್ಬ ಹುಬ್ಬಳ್ಳಿಗೆ ಹೊರಟಿದ್ದ. ಗದಗಿನಲ್ಲಿರುವ ನನ್ನ ಅಣ್ಣನಿಗಾಗಿ ಹಳೆಯ ಪೆಟ್ಟಿಗೆಯೊಂದನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಕೆಳಗೆ ಬಿದ್ದಿದ್ದ ಹಲಗೆಯ ತುಕ್ಕುಮೊಳೆ ಅಂಗಾಲಿಗೆ ಹೊಕ್ಕಿತು. ಗಿರಿಜಾ ಅರಿಶಿನ, ಸುಣ್ಣ ಒತ್ತಿ ಬಟ್ಟೆ ಕಟ್ಟಿದಳು. ಗಾಯ ಮಾಯಿತು. ಸಂತ್ರ ಗದಗ ತಲುಪಿತು.

ಬಿ.ಎಸ್ಸಿ. ಓದಿದವನು ನಾನು. ಮೊಳೆಗೂ ಈ ದವಡೆಗೂ ಏನು ಸಂಬಂಧ ಎಂಬುದು ಚಹಾ ಚೆಲ್ಲಿದ ಗಳಿಗೆಯಲ್ಲೇ ನನಗೆ ಹೊಳೆಯಿತು. ಹೇಳಲು ಬಾಯಿ ಇರಲಿಲ್ಲ. ಅಂಗಾಲನ್ನು ಎತ್ತಿ ತೋರಿಸಿದೆ. ಗಿರಿಜಾಳ ಮುಖದ ಬಣ್ಣ ಇಳಿಯಿತು. ಅವಳ ಊರಿನಲ್ಲಿ ಧನುರ್ವಾಯು ಬಡಿದವರನ್ನು ಅವಳು ಕಂಡಿದ್ದಳು.

ವಾಡೆಯ ಒಡತಿಯನ್ನು ನಾವು ಕಾಕೂ ಎಂದು ಕರೆಯುತ್ತಿದ್ದೆವು. ಅವರೂ ಗಿರಿಜಾಳೂ ನನ್ನನ್ನು ಟಾಂಗಾದಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿ ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಕೇಳಿದ, "ಪೇಶಂಟ್‌ಚಂ ನಾವ್?"

ರೋಗಿಯ ಹೆಸರು. ಗಿರಿಜಾಳಿಗೆ ಅರ್ಥವಾಗಿತ್ತು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು. ನಮ್ಮ ಮನೆತನಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳಿಗೆ ತಿಳಿವಳಿಕೆ ಬಂದಾಗಿನಿಂದ ಹೇಳಿಕೊಟ್ಟಿದ್ದರು. ಆಯುಷ್ಯವನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಜಾಗದಲ್ಲೇ ಆ ಹೆಸರು ಹೇಳುವುದು ಹೇಗೆ?

"ಕಾನಡಿ ಬಾಬು. ರೇಲ್ವೇದ ಬಾಬು," ಎಂದರು ಕಾಕೂ. ಬಾಡಿಗೆ ಕೊಡುವ ಬಾಬು ಎಂಬುದರಾಚೆ ಅವರಿಗೂ ನನ್ನ ಹೆಸರು ಗೊತ್ತಿರಲಿಲ್ಲ.

"ಬಾಬು ಅಂದ್ರೆ ನಾಗಪುರ ತುಂಬಾ ಬಾಬುಗಳೇ," ಎಂದ ಗುಮಾಸ್ತ.

ಅಲ್ಲೇ ಹಾದು ಹೋಗುತ್ತಿದ್ದ ನರ್ಸ್ ಒಬ್ಬರು ನಿಂತರು. ಸಿಸ್ಟರ್ ಸುಮತಿ. ಗಿರಿಜಾಳ ಸೆರಗು ನೋಡಿದ್ದೇ ಅವರಿಗೆ ವಿಷಯ ತಿಳಿಯಿತು. "ಉಖಾಣಾ ಘೇ ಬಾಯಿ, ಜಲ್ದಿ ಜಲ್ದಿ," ಎಂದರು. ಗಂಡನ ಹೆಸರನ್ನು ಹಾಡಿನ ಸಾಲಿನಲ್ಲಿ ಸೇರಿಸಿ ಹೇಳುವ ನಮ್ಮ ಕಡೆಯ ಒಡಪಿಗೆ ಅವರು ಉಖಾಣಾ ಎನ್ನುತ್ತಾರೆ. ಮದುವೆಯಲ್ಲಿ ಗಿರಿಜಾ ಚೆಂದದ ಒಡಪು ಹೇಳಿದ್ದಳು. ಅದು ಅವಳಿಗೆ ಈಗ ನೆನಪಾಗಲಿಲ್ಲ. ಕಡೆಗೆ ಬಾಯಿಂದ ಹೊರಟಿದ್ದು ಇಷ್ಟೇ: "ಸರೋಜಾನ ಅಪ್ಪಾರು."

ಸರೋಜಾ ನಮ್ಮ ಮಗಳು, ಆಗ ಅವಳಿಗೆ ನಾಲ್ಕು ವರ್ಷ. ಗುಮಾಸ್ತ ತನಗೆ ಸಿಕ್ಕ ಹೆಸರನ್ನು ಬರೆದುಕೊಂಡ. ಚೀಟಿಯಲ್ಲಿ ಸರೋಜಾ ಎಂದಿದ್ದುದರಿಂದ ಆಳುಗಳು ನನ್ನನ್ನು ಹೊತ್ತು ನೇರವಾಗಿ ಹೆಂಗಸರ ವಾರ್ಡಿಗೆ ನಡೆದರು. ಅಲ್ಲಿಯ ಆಯಾ ಹೊದಿಕೆ ಸರಿಸಿ, "ಅಗಬಾಯಿ, ಇವಳಿಗೆ ಮೀಸೆ," ಎಂದು ಚೀರಿದಳು. ಆ ಚೀರಾಟಕ್ಕೆ ನನ್ನ ಬೆನ್ನು ಮೊದಲ ಸಲ ಬಿಲ್ಲಿನಂತೆ ಬಾಗಿತು.

ಧನುರ್ವಾಯುವಿನ ಬಗ್ಗೆ ಇದೊಂದನ್ನು ಹೇಳಲೇಬೇಕು. ಮೈ ಬಿಗಿಯುತ್ತದೆ, ಬುದ್ಧಿ ಬಿಗಿಯುವುದಿಲ್ಲ. ಸದ್ದು, ಬೆಳಕು, ಯಾರಾದರೂ ಮುಟ್ಟಿದ್ದು, ಏನೇ ತಾಗಿದರೂ ಸೆಳೆತ ಬರುತ್ತದೆ. ಹಿಮ್ಮಡಿ, ತಲೆ ಎರಡೇ ಹಾಸಿಗೆಗೆ ತಾಗಿರುತ್ತವೆ, ನಡುವೆ ಮೈಯೆಲ್ಲ ಕಮಾನು. ಅಷ್ಟು ಹೊತ್ತೂ ನೀವು ಒಳಗೆ ಪೂರ್ತಿ ಎಚ್ಚರವಾಗಿರುತ್ತೀರಿ. ಯಾರು ಏನು ಅಂದರು, ಯಾವ ದನಿಯಲ್ಲಿ ಅಂದರು, ಎಲ್ಲ ಕೇಳಿಸುತ್ತದೆ. ಇಂದಿಗೂ ಕಣ್ಣು ಮುಚ್ಚಿದರೆ ಆ ಕೋಣೆಯ ಪ್ರತಿ ಮಾತೂ ನನಗೆ ಮತ್ತೆ ಕೇಳುತ್ತದೆ.

ಸಿಸ್ಟರ್ ಸುಮತಿ ನನ್ನ ಜೇಬಿಗೆ ಕೈಹಾಕಿ ರೈಲ್ವೆ ಪಾಸು ತೆಗೆದು ಹೆಸರು ಓದಿದರು. ಚೀಟಿಯಲ್ಲಿ ಸರೋಜಾ ಅಳಿಸಿ ವಿರೂಪಾಕ್ಷ ಬರೆದರು. ಸೂಜಿಗಳು ಶುರುವಾದವು. ಗಂಡಸರ ವಾರ್ಡಿನ ತುದಿಯ ಸಣ್ಣ ಕೋಣೆಯ ಕಿಟಕಿಗೆ ಕರಿಯ ಕಂಬಳಿ ಕಟ್ಟಿ ನನ್ನನ್ನು ಕತ್ತಲಲ್ಲಿ ಮಲಗಿಸಿದರು. ಮೂಗಿನಿಂದ ಇಳಿಸಿದ ನಳಿಗೆಯಲ್ಲಿ ಹಾಲು, ಸಂತ್ರದ ರಸ ಹಾಕುತ್ತಿದ್ದರು. ಯಾವ ಹಣ್ಣಿನ ಪೆಟ್ಟಿಗೆ ನನ್ನನ್ನು ಅಲ್ಲಿ ಮಲಗಿಸಿತೋ ಅದೇ ಹಣ್ಣು.

ಗಿರಿಜಾ ಬಾಗಿಲ ಹೊರಗೆ ವರಾಂಡದಲ್ಲಿ ಕೂರುತ್ತಿದ್ದಳು. ಒಳಗೆ ಬಂದರೆ ಅವಳ ಗಾಜಿನ ಬಳೆಗಳ ಸದ್ದಿಗೇ ನನಗೆ ಸೆಳೆತ ಬರುತ್ತಿತ್ತು. ಬಳೆ ತೆಗೆದಿಡು ಎಂದರು ಸಿಸ್ಟರ್. ಗಂಡ ಹಾಸಿಗೆ ಹಿಡಿದಿರುವಾಗ ಬಳೆ ತೆಗೆಯುವುದೇ ಎಂದು ಕಾಕೂ ಎದೆ ಹಿಡಿದುಕೊಂಡರು. ಗಿರಿಜಾ ಇಬ್ಬರ ಮಾತಿಗೂ ಎದುರಾಡಲಿಲ್ಲ. ಹಳೆಯ ಸೀರೆಯ ಅಂಚನ್ನು ಹರಿದು ಎರಡೂ ಕೈಯ ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡು, ಬರಿಗಾಲಲ್ಲಿ ಒಳಗೆ ಬಂದು ನನ್ನ ಹಾಸಿಗೆಯ ಕಡೆಗೆ ಬಗ್ಗಿ ಪಿಸುಗುಟ್ಟಿದಳು: "ಇನ್ನ ಸಪ್ಪಳ ಆಗೂದಿಲ್ರಿ." ಆ ಕತ್ತಲಲ್ಲಿ ನನಗೆ ದೊರೆತ ಮೊದಲ ಸುಖ ಅದು.

ತಂತಿ ಸಿಕ್ಕಿ ಅಣ್ಣ ಬಂದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಧಾರವಾಡದಲ್ಲಿ ಓದಿಸಿದವನು ಅವನು, ಹತ್ತಿಯ ದಲಾಲಿ ಮಾಡುತ್ತಾನೆ, ಗದಗಿನ ಪೇಟೆಯಲ್ಲಿ ಅವನ ಮಾತಿಗೆ ತೂಕವಿದೆ. ನನ್ನ ಮೇಲೆ ಅವನಿಗಿದ್ದ ಪ್ರೀತಿಯ ಬಗ್ಗೆ ನನಗೆ ಎಂದೂ ಅನುಮಾನ ಬಂದಿಲ್ಲ, ಈಗಲೂ ಇಲ್ಲ. ಅವನು ಬಾಗಿಲಲ್ಲಿ ನಿಂತು, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ, ಗಟ್ಟಿಯಾಗಿ ಹೇಳಿದ:

"ನೋಡ್ರಿ, ನಗಲಿಕ್ಕತ್ತಾನ. ಆರಾಮ ಅದಾನ. ಏನೋ ತಮ್ಮಾ, ಸಂತ್ರ ಭಾಳ ಸಿಹಿ ಇದ್ದೂ."

ನಾನು ನಗುತ್ತಿರಲಿಲ್ಲ. ಅದು ರೋಗದ ನಗು. ಮುಖದ ಸ್ನಾಯುಗಳನ್ನು ಅದು ಹಾಗೆ ಎಳೆದು ಕಟ್ಟುತ್ತದೆ. ಆ ನಗುವಿನ ಹಿಂದೆ ನಾನು ಅಣ್ಣಾ, ಮೆಲ್ಲಗೆ ಮಾತಾಡು ಎಂದು ಬೇಡಿಕೊಳ್ಳುತ್ತಿದ್ದೆ.

ಮುಂದಿನ ಎರಡು ದಿನ ಎಲ್ಲ ಆ ನಗುವಿನ ಮೇಲೆ ನಡೆಯಿತು. ತಿಂಗಳ ಪಗಾರ ಯಾರ ಕೈಗೆ ಕೊಡಬೇಕೆಂದು ಕಚೇರಿಯವರು ಕೇಳಿದರಂತೆ. ಅಣ್ಣ ತನ್ನ ಹೆಸರಿಗೆ ಅಧಿಕಾರಪತ್ರ ಬರೆಸಿಕೊಂಡು ಬಂದ. ನನ್ನ ಬಿಗಿದ ಮುಷ್ಟಿಯಿಂದ ಹೆಬ್ಬೆರಳನ್ನು ಬಿಡಿಸಿ ಮಸಿಗೆ ಒತ್ತಿ ಕಾಗದಕ್ಕೆ ಒತ್ತಿದ. ಬೇಡ ಎನ್ನಲು ನನಗೆ ಬಾಯಿಯೂ ಇರಲಿಲ್ಲ, ಕೈಯೂ ಇರಲಿಲ್ಲ. "ನಗತಾನ, ಒಪ್ಪ್ಯಾನ," ಎಂದ ಅಣ್ಣ. ಅವನು ಒಂದು ಬಿಡಿಗಾಸನ್ನೂ ತನಗಾಗಿ ಮುಟ್ಟಲಿಲ್ಲ. ಆದರೆ ಅಂದಿನಿಂದ ಗಿರಿಜಾ ಸರೋಜಾಳ ಹಾಲಿಗೂ ಅವನ ಮುಂದೆ ನಿಂತು ಕೇಳಬೇಕಾಯಿತು. ಕೇಳುವುದೆಂದರೆ ನೇರವಾಗಿಯೂ ಅಲ್ಲ. ಗಂಡನ ಅಣ್ಣನೆದುರು ಅವಳು ಮಾತಾಡುತ್ತಿರಲಿಲ್ಲ. ಕಾಕೂಗೆ ಹೇಳಿ, ಕಾಕೂ ಅವನಿಗೆ ಹೇಳಬೇಕು.

ದೊಡ್ಡ ಡಾಕ್ಟರು ಬಂದು ನೋಡಿದರು. ಸೆಳೆತ ಉಸಿರಿಗೆ ಬರುತ್ತಿದೆ, ಗಂಟಲಲ್ಲಿ ಒಂದು ತೂತು ಮಾಡಿ ಉಸಿರಿಗೆ ನಳಿಗೆ ಹಾಕಬೇಕಾಗಬಹುದು, ಮನೆಯವರು ಒಪ್ಪಬೇಕು ಎಂದು ಹಿಂದಿಯಲ್ಲಿ ಅಣ್ಣನಿಗೆ ಹೇಳಿದರು. ನನಗೆ ಹೇಳಲಿಲ್ಲ. ಗಂಟಲು ನನ್ನದು, ನಾನು ಅಲ್ಲೇ ಮಲಗಿದ್ದೆ.

"ಗಂಟಲ ಕೊಯ್ಯೂದಾ? ಮುಂದ ಅಂವ ಮಾತಾಡೂದು ಹ್ಯಾಂಗ?" ಅಣ್ಣ ಬೆಚ್ಚಿಬಿದ್ದಿದ್ದ. ಅವನ ಹೆದರಿಕೆ ನನಗೆ ಅರ್ಥವಾಗುತ್ತಿತ್ತು. ಆದರೆ ಹೆದರಿದ ಮನುಷ್ಯ ಊರಿನ ಕಡೆಗೆ ಓಡುತ್ತಾನೆ. ಅವನಿಗೂ ಊರು ನೆನಪಾಯಿತು. ಗದಗಿನ ಹತ್ತಿರ ಧನುರ್ವಾಯುವಿಗೆ ಬೇರು ಅರೆದು ಕೊಡುವವರಿದ್ದಾರೆ, ಅಲ್ಲಿಗೆ ಒಯ್ಯುತ್ತೇನೆ ಎಂದ. ಪ್ರಯಾಣ ಅಪಾಯ ಎಂದರು ಡಾಕ್ಟರು. ಆದರೂ ಮನೆಯ ಹಿರಿಯರು ಸಹಿ ಮಾಡಿ ಒಯ್ಯುತ್ತೇನೆ ಎಂದರೆ ತಾವು ತಡೆಯುವಂತಿಲ್ಲ ಎಂದೂ ಹೇಳಿದರು.

ಎರಡು ಹಗಲು ಎರಡು ರಾತ್ರಿಯ ರೈಲು. ಪ್ರತಿ ಸ್ಟೇಷನ್ನಿನ ಗಂಟೆ, ಪ್ರತಿ ಸೀಟಿ, ಡಬ್ಬಿಗಳು ಕೂಡುವಾಗಿನ ಆ ಧಡಲ್. ರೈಲ್ವೆಯವನಾದ ನನಗೆ ಆ ಹಾದಿಯ ಸದ್ದುಗಳೆಲ್ಲ ಬಾಯಿಪಾಠವಾಗಿದ್ದವು. ಎಲ್ಲಿ ಸಾಯುತ್ತೇನೆ ಎಂದು ಮಲಗಿದಲ್ಲೇ ಲೆಕ್ಕ ಹಾಕಿದೆ. ಎರಡೇ ತಾಸಿನ ದಾರಿಯ ವಾರ್ಧಾ ಕೂಡ ದಾಟುವುದಿಲ್ಲ.

"ತಮ್ಮಾ, ಊರಿಗೆ ಹೋಗೂಣು?" ಎಂದು ಅಣ್ಣ ನನ್ನ ಮೇಲೆ ಬಗ್ಗಿ ಕೇಳಿದ. ನನ್ನ ಮುಖ ನೋಡಿದ. "ನಗತಾನ ನೋಡ್ರಿ. ಊರಂದ ಕೂಡ್ಲೆ ನಗತಾನ."

ಮರುದಿನ ಮಧ್ಯಾಹ್ನ ಟಾಂಗಾ ಬಂದು ನಿಂತಿತು. ಅಣ್ಣ ಸಹಿ ಮಾಡಲು ಪೆನ್ನು ತೆಗೆದಿದ್ದ. ಡಾಕ್ಟರು ನನ್ನ ಹಾಸಿಗೆಯ ಪಕ್ಕ ನಿಂತಿದ್ದರು, ಸಿಸ್ಟರ್ ಸುಮತಿ ತುಟಿ ಕಚ್ಚಿಕೊಂಡು ಅವರ ಹಿಂದೆ. ಆಗ ಬಾಗಿಲಲ್ಲಿ ಗಿರಿಜಾಳ ದನಿ ಕೇಳಿಸಿತು.

"ಒಯ್ಯಬ್ಯಾಡ್ರಿ."

ಅಣ್ಣ ತಿರುಗಿ ನೋಡಿದ. ಮದುವೆಯಾದಂದಿನಿಂದ ಅವಳ ದನಿಯನ್ನು ಅವನು ತನ್ನೆದುರು ಕೇಳಿದ್ದೇ ಇಲ್ಲ.

"ಬಾಯಿ, ನೀವು ಯಾರು?" ಎಂದರು ಡಾಕ್ಟರು. ಅವಳು ಸದಾ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದುದರಿಂದ ಅವರು ಗುರುತಿಸಲಿಲ್ಲ.

"ಸರೋಜಾನ ಅವ್ವ."

"ಸರೋಜಾ ಕೌನ್?"

"ಏನಿಲ್ರಿ ಡಾಕ್ಟರ್ ಸಾಹೇಬ್ರ, ಮನೀ ಹೆಣಮಗಳು. ಅಂಜ್ಯಾಳ," ಎಂದ ಅಣ್ಣ. "ಗಿರಿಜವ್ವಾ, ಹೊರಗ ಕುಂಡ್ರು. ನಾ ಅದೀನಲ್ಲ."

ಅವಳು ಕೂರಲಿಲ್ಲ. ಸೆರಗು ಹಣೆಯಿಂದ ಜಾರಿತ್ತು, ಸರಿಪಡಿಸಿಕೊಳ್ಳಲಿಲ್ಲ. ಬಟ್ಟೆ ಸುತ್ತಿದ ಎರಡು ಕೈಗಳನ್ನು ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಇಟ್ಟಳು. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ನನ್ನನ್ನು ನೋಡಲಿಲ್ಲ.

"ನಾನು ವಿರೂಪಾಕ್ಷ ಶಿವಪ್ಪ ಕಮತರ ಅವರ ಹೇಣ್ತಿ," ಎಂದಳು.

ಗಟ್ಟಿಯಾಗಿಯೇ ಹೇಳಿದಳು. ಆ ಸಣ್ಣ ಕೋಣೆಯಲ್ಲಿ ಅದು ಗೋಡೆಗೆ ಬಡಿದು ಬಂತು. ಅಣ್ಣನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ನನ್ನ ಮೈ ಮೇಲೆದ್ದಿತು.

ಅದಕ್ಕೂ ಮೊದಲು ಅಂಥ ಸೆಳೆತ ಬಂದಿರಲಿಲ್ಲ. ಎದೆ ಕಲ್ಲಾಯಿತು. ಗಾಳಿ ಕಣ್ಣೆದುರೇ ಇದ್ದಂತೆ ಇತ್ತು, ಒಳಗೆ ಬರಲಿಲ್ಲ. ಬದಿಯಲ್ಲಿ ಕಪ್ಪು ಕವಿಯುತ್ತಿದ್ದ ನೋಟದ ನಡುವೆ ನನಗೆ ಕಂಡಿದ್ದು ಗಿರಿಜಾಳ ಮುಖ. ಹುಟ್ಟಿದಾಗಿನಿಂದ ಅವಳಿಗೆ ಹೇಳಿಕೊಟ್ಟದ್ದು ಅವಳ ಕಣ್ಣೆದುರೇ ನಡೆಯುತ್ತಿತ್ತು. ಹೆಸರು ಹೇಳಿದಳು, ಗಂಡ ಸಾಯುತ್ತಿದ್ದಾನೆ. ಅವಳು ಅದನ್ನು ನಂಬಿದಳು. ನಂಬಿದ್ದು ನನಗೆ ಕಾಣಿಸಿತು. ಇದನ್ನು ನಾನು ಎಷ್ಟು ಸಲ ಮತ್ತೆ ಮತ್ತೆ ನೋಡಿದ್ದೇನೋ ತಿಳಿಯದು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕುಸಿದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವಳು ಒಳಗೆ ಬಂದು ಡಾಕ್ಟರಿಗೆ ನನ್ನ ಗಂಟಲು ತೋರಿಸಿದಳು. "ತೂತು ಮಾಡ್ರಿ," ಎಂದಳು. "ಈಗ ಮಾಡ್ರಿ."

"ಯಾರ ಮಾತು ಕೇಳಲಿ?" ಎಂದರು ಡಾಕ್ಟರು. ಸೆಳೆತ ಒಂದು ಗಳಿಗೆ ಸಡಿಲಿತ್ತು. ಅವರು ಅಣ್ಣನ ಕಡೆ ತಿರುಗಬಹುದಿತ್ತು. ಏನನ್ನಿಸಿತೋ, ನನ್ನ ಮುಖದ ಹತ್ತಿರ ಬಗ್ಗಿ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು: "ನಿಮ್ಮ ಹೆಂಡತಿ ಹೇಳಿದಂತೆ ಮಾಡಲೇ? ಹೌದಾದರೆ ಕಣ್ಣು ಮುಚ್ಚಿ ತೆಗೆಯಿರಿ."

ಇಷ್ಟು ದಿನಗಳಲ್ಲಿ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನನ್ನ ಮೈಯಲ್ಲಿ ನನ್ನ ಮಾತು ಕೇಳುತ್ತಿದ್ದುದು ರೆಪ್ಪೆಗಳು ಮಾತ್ರ. ಮುಚ್ಚಿದೆ. ತೆರೆದೆ. ಸಾಲದೇನೋ ಎಂದು ಮತ್ತೆ ಮುಚ್ಚಿ ತೆರೆದೆ.

ಅಣ್ಣ ಹೊರಗೆ ಹೋದ. ಟಾಂಗಾದವನು ಖಾಲಿ ಗಾಡಿ ಹೊಡೆದುಕೊಂಡು ಹೋದ.

ಗಂಟಲಿನ ನಳಿಗೆಯಿಂದ ನಾನು ಎಷ್ಟೋ ವಾರ ಉಸಿರಾಡಿದೆ. ಸೆಳೆತ ದಿನದಿಂದ ದಿನಕ್ಕೆ ದೂರವಾಯಿತು. ಕಿಟಕಿಯ ಕಂಬಳಿ ಇಳಿಯಿತು. ಹೊರಗೆ ಬೇವು ಚಿಗುರಿತ್ತು. ನಳಿಗೆಯ ಬಾಯಿಗೆ ಬೆರಳಿಟ್ಟರೆ ದನಿ ಬರುತ್ತದೆ ಎಂದು ಸಿಸ್ಟರ್ ಸುಮತಿ ಕಲಿಸಿದರು. ಮೊದಲ ಮಾತು ಏನು ಹೇಳುತ್ತೀ ಎಂದು ಎಲ್ಲರೂ ಸುತ್ತ ನಿಂತರು. ಕಾಕೂ ದೇವರ ಹೆಸರು ಹೇಳು ಎಂದರು. ನಾನು ಬೆರಳಿಟ್ಟು ಹೇಳಿದೆ: "ಅಣ್ಣಗ ಹೇಳ್ರಿ. ನಾ ನಕ್ಕಿರಲಿಲ್ಲ."

ಮನೆಗೆ ಬಂದು ನೆಟ್ಟಗೆ ನಡೆಯಲು ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಮಹಾಲಿನ ಒಬ್ಬ ವಕೀಲರ ಬಳಿ ಹೋಗಿದ್ದು. ಗಿರಿಜಾಳ ಹೆಸರಿಗೆ ಮುಖ್ತಿಯಾರಪತ್ರ ಬರೆಯಬೇಕು ಎಂದೆ. ನನ್ನ ಪಗಾರ, ನನ್ನ ವ್ಯವಹಾರ ಎಲ್ಲ ನನ್ನ ಪರವಾಗಿ ಅವಳೇ ನಡೆಸಬೇಕು.

ವಕೀಲರು ಅಡಕೆ ಕತ್ತರಿಸುತ್ತಿದ್ದವರು ಅಡಕತ್ತರಿ ಕೆಳಗಿಟ್ಟರು. "ಹೆಂಗಸರು ಗಂಡಸರಿಗೆ ಮುಖ್ತಿಯಾರ ಕೊಡೋದು ನೋಡಿದೀನಿ. ಉಲ್ಟಾ ನೋಡಿಲ್ಲ. ನಿಮಗೆ ಅಣ್ಣ ಇಲ್ಲವೇ?"

"ಇದ್ದಾನೆ. ಅದಕ್ಕೇ ಬಂದೆ."

ಅವರು ನಕ್ಕು, ಆಮೇಲೆ ಗಂಭೀರವಾಗಿ ಒಂದು ಮಾತು ಹೇಳಿದರು. ಕೊಟ್ಟವನ ಬುದ್ಧಿ ಸ್ಥಿಮಿತ ತಪ್ಪಿದರೆ ಕಾನೂನಿನ ಪ್ರಕಾರ ಈ ಪತ್ರ ಅಲ್ಲಿಗೇ ಮುಗಿಯಿತು. ಇನ್ನು ಔಷಧೋಪಚಾರ ಯಾರು ತೀರ್ಮಾನಿಸಬೇಕು ಎಂಬುದಕ್ಕೆ ಬರೆದ ಕಾನೂನೇ ಇಲ್ಲ, ಮನೆಯ ಹಿರಿಯ ಹೇಳಿದ್ದೇ ನಡೆಯುತ್ತದೆ. "ಮಳೆ ಬಂದ ಕೂಡಲೇ ಕರಗೋ ಛತ್ರಿ ಇದು. ಯಾಕೆ ಬೇಕು?"

"ವಕೀಲ್ ಸಾಹೇಬ್," ಎಂದೆ, "ನನ್ನ ಬುದ್ಧಿ ಒಂದು ಗಳಿಗೆಯೂ ತಪ್ಪಿರಲಿಲ್ಲ. ಹೋಗಿದ್ದು ಬಾಯಿ. ಬಾಯಿ ಹೋದವನಿಗೆ ಬೇರೆ ಬಾಯಿ ನೇಮಿಸಲು ಕಾನೂನು ಬಿಡುತ್ತದೋ ಇಲ್ಲವೋ?"

ಅವರು ಬಹಳ ಹೊತ್ತು ನನ್ನ ಗಂಟಲಿನ ಕಲೆ ನೋಡಿದರು. "ಬಿಡುತ್ತದೆ," ಎಂದರು. ಉಪಚಾರದ ಬಗ್ಗೆ ನಾನೇ ಬೇರೆ ಹಾಳೆಯಲ್ಲಿ ಬರೆದು, ಒಂದನ್ನು ದೊಡ್ಡ ಡಾಕ್ಟರಿಗೂ ಒಂದನ್ನು ಅಣ್ಣನಿಗೂ ಕೊಡಿ ಎಂದು ಅವರೇ ಸೂಚಿಸಿದರು. ಕಾನೂನು ಒಪ್ಪಲಿ ಬಿಡಲಿ, ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ನೋಂದಣಿಯ ದಿನ ಗಿರಿಜಾ ಬೆಳಿಗ್ಗೆಯಿಂದ ಊಟ ಮಾಡಲಿಲ್ಲ. ಅಲ್ಲಿ ಏನು ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಮೇಜಿನ ಹಿಂದಿದ್ದ ಅಧಿಕಾರಿ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಮುಖ್ತಿಯಾರ ಯಾರು? ಯಾರ ಪತ್ನಿ?"

"ಉಖಾಣಾ ಇರಲಿ ಬೇಕಾದರೆ," ಎಂದರು ವಕೀಲರು ತಮಾಷೆಗೆ.

"ಬ್ಯಾಡ್ರಿ," ಎಂದಳು ಗಿರಿಜಾ. ನನ್ನ ಕಡೆ ತಿರುಗಿ, ನನ್ನ ದವಡೆಯ ಮೇಲೆ ಕಣ್ಣಿಟ್ಟುಕೊಂಡೇ, ನನ್ನ ಪೂರ್ತಿ ಹೆಸರನ್ನು ಹೇಳಿದಳು. ಹೇಳಿ ಕಾದಳು. ಕಚೇರಿಯಲ್ಲಿ ಯಾರೋ ಕೆಮ್ಮಿದರು. ನಾನು ನಿಂತೇ ಇದ್ದೆ.

ಸುದ್ದಿ ಗದಗಿಗೆ ಮುಟ್ಟಿತು. ಅಣ್ಣ ಬಂದ. ನಾನು ಬರೆದ ಹಾಳೆಯನ್ನು ಮಡಿಸಿ ಹಿಡಿದುಕೊಂಡು ಜಗುಲಿಯ ಮೇಲೆ ಕೂತ.

"ಓದಿಸಿದಂವ ನಾ," ಎಂದ. "ಅಪ್ಪನ ಜಾಗಾದಾಗ ನಿಂತಂವ ನಾ. ಇವತ್ತ ನನ್ನ ಬಾಗಲಾಚೆ ಹಾಕಿದಿ."

"ಅಣ್ಣಾ, ನೀ ಓದಿಸಿದ್ದಕ್ಕ ನಾ ಸಾಯೂತನಕಾ ನಿನ್ನ ಕಾಲ ಮುಟ್ಟತೀನಿ. ಆದರ ಸಾಯೂದು ಯಾವಾಗ ಅಂತ ನೀ ಗೊತ್ತ ಮಾಡಬ್ಯಾಡ."

"ನಾ ನಿನ್ನ ಕೊಲ್ಲಾಕ ಬಂದಿದ್ನೇನು?"

"ಇಲ್ಲ. ಉಳಸಾಕ ಬಂದಿದ್ದಿ. ನನ್ನ ಕೇಳಲಿಲ್ಲ."

ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಒಳಗಿನಿಂದ ಗಿರಿಜಾ ಚಹಾ ತಂದು, ಕಾಕೂ ಮೂಲಕ ಅಲ್ಲ, ತಾನೇ ಅವನ ಮುಂದೆ ಇಟ್ಟು, "ತಗೋರಿ ಭಾವಾರ," ಎಂದಳು. ಅಣ್ಣ ಬಹಳ ಹೊತ್ತಿನ ಮೇಲೆ ಕುಡಿದ. ಇಂದಿಗೂ ಅವನು ಪೂರ್ತಿ ಒಪ್ಪಿಲ್ಲ. ಒಪ್ಪಲಿ ಎಂದು ನಾನು ಕಾಯುತ್ತಲೂ ಇಲ್ಲ. ನಮ್ಮವರಲ್ಲಿ ಎಷ್ಟೋ ಜನ ಹೆಂಡತಿಗೆ ಮುಖ್ತಿಯಾರ ಕೊಟ್ಟವ ಎಂದು ನನ್ನ ಬೆನ್ನ ಹಿಂದೆ ನಗುತ್ತಾರೆ. ಅವರದು ನಿಜವಾದ ನಗು, ಗೊತ್ತಾಗುತ್ತದೆ. ನಗಲಿ. ಇದನ್ನು ಓದುತ್ತಿರುವವರು ಒಂದೇ ಒಂದು ಕೆಲಸ ಮಾಡಿ: ಬಾಯಿ ಇರುವಾಗಲೇ ಹೇಳಿಡಿ, ಅದು ಹೋದರೆ ನಿಮ್ಮ ಬಾಯಿ ಯಾರು ಎಂದು.

ಇಷ್ಟಾದರೂ ನಿದ್ದೆ ಮಾತ್ರ ನಮ್ಮ ಮನೆಗೆ ಬಂದಿರಲಿಲ್ಲ. ದವಡೆ ಮತ್ತೆ ಬಿಗಿದರೆ ಎಂದು ನಾನು ಕಣ್ಣು ಮುಚ್ಚಲು ಹೆದರುತ್ತಿದ್ದೆ. ಎರಡು ಸಲ ಹೆಸರು ಹೇಳಿದ ಫಲ ಇನ್ನೂ ಬಾಕಿ ಇದೆಯೇನೋ ಎಂದು ಗಿರಿಜಾ ಹೆದರುತ್ತಿದ್ದಳು. ಆಗಾಗ ಎದ್ದು ನನ್ನ ಗದ್ದ ಮುಟ್ಟಿ, "ಆ ಅನ್ರಿ," ಎನ್ನುವಳು. ನಾನು ಬಾಯಿ ತೆರೆಯುವೆ. ಎರಡು ಬೆರಳು ಅಡ್ಡವಾಗಿ ಹಿಡಿಸಿದರೆ ಮಲಗುವಳು. ಸ್ವಲ್ಪ ಹೊತ್ತಿಗೆ ಮತ್ತೆ ಏಳುವಳು. ಬೆಳಗಿನ ಭೋಂಗಾ ಕೂಗಿದರೆ ಇಬ್ಬರೂ ಒಟ್ಟಿಗೆ ಬೆಚ್ಚುತ್ತಿದ್ದೆವು. ಆ ಸದ್ದಿನಲ್ಲೇ ಅಲ್ಲವೇ ಎಲ್ಲ ಶುರುವಾದದ್ದು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಸರೋಜಾ ನನ್ನ ಎದೆಯ ಮೇಲೆ ಕೂತು ಮೀಸೆ ಎಳೆಯುತ್ತಿದ್ದಳು. ಬಾಗಿಲ ಸಂದಿಯಿಂದ ಬಿಸಿಲು ಅರ್ಧ ಕೋಣೆಯವರೆಗೆ ಬಂದಿತ್ತು.

"ಅಪ್ಪಾ, ಭೋಂಗಾ ಆಗಿ ಭಾಳ ಹೊತ್ತಾತು," ಎಂದಳು.

ನಮಗೆ ಕೇಳಿಸಿರಲಿಲ್ಲ. ಪಕ್ಕದಲ್ಲಿ ಗಿರಿಜಾ ಕೈಮೇಲೆ ತಲೆ ಇಟ್ಟು ಮಲಗಿದ್ದಳು, ಹಾಸಿಗೆಯ ನೂಲು ಕೆನ್ನೆಯ ಮೇಲೆ ಗೆರೆ ಮೂಡಿಸಿತ್ತು. ರಾತ್ರಿಯೆಲ್ಲ ಅವಳು ಒಮ್ಮೆಯೂ ಎದ್ದಿರಲಿಲ್ಲ. ಕಣ್ಣು ತೆರೆದು ಬಿಸಿಲು ನೋಡಿದಳು, ನನ್ನನ್ನು ನೋಡಿದಳು. ಅಭ್ಯಾಸದಂತೆ ಕೈ ನನ್ನ ಗದ್ದದ ಕಡೆಗೆ ಬಂತು, ಅರ್ಧದಲ್ಲೇ ನಿಂತಿತು. ಬಳೆಗಳು ಗಲಗಲ ಎಂದವು.

"ವಿರೂಪಾಕ್ಷ ಶಿವಪ್ಪ ಕಮತರ," ಎಂದಳು. "ಏಳ್ರಿ. ಆಫೀಸಿಗೆ ತಡಾ ಆಗೇತಿ."

ನಾನು ಬಾಯನ್ನು ಪೂರ್ತಿ ತೆರೆದು ಆಕಳಿಸಿದೆ.